ಬಲೆಗೆ ಬಿದ್ದ ಅಧಿಕಾರಿಗೆ ಶಿಕ್ಷೆಯಾಗಬೇಕಾದರೆ

(ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಲಂಚ ಪಡೆಯುತ್ತಿದ್ದ ಅಧಿಕಾರಿ ಲೋಕಾಯುಕ್ತ ಬಲೆಗೆ ಬಿದ್ದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಮೇಜಿನ ಮೇಲೆ ಹರಡಿದ ನೋಟುಗಳ ಚಿತ್ರ ಕಂಡು ಸಮಾಧಾನಪಡುತ್ತೇವೆ. ಆದರೆ ಆ ಅಧಿಕಾರಿಗೆ ಮುಂದೇನಾಯಿತೆಂದು ವಿಚಾರಿಸುವವರು ಎಷ್ಟು ಮಂದಿ?

ಬಲೆ ಬೀಸುವ ಕ್ರಮವನ್ನು ಗಮನಿಸಿರಿ. ದೂರುದಾರನ ಕೈಗೆ ಕೊಡುವ ನೋಟುಗಳ ಸಂಖ್ಯೆಯನ್ನು ಪಂಚರ ಸಮ್ಮುಖದಲ್ಲಿ ಬರೆದುಕೊಂಡು, ಅವುಗಳಿಗೆ ಫಿನಾಫ್ತಲೀನ್ ಪುಡಿಯನ್ನು ಸವರಲಾಗುತ್ತದೆ. ಅವನ್ನು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ನೀರು ಹೇಳುವುದು, ಈ ಕೈ ಆ ನೋಟನ್ನು ಮುಟ್ಟಿದೆಯೆಂದಷ್ಟೇ. 'ಕೊಟ್ಟ ಸಾಲವನ್ನು ಹಿಂದೆ ಪಡೆದೆ', 'ನನಗರಿವಿಲ್ಲದೆ ಜೇಬಿಗೆ ತುರುಕಿದರು' ಎಂದು ಆರೋಪಿ ವಾದಿಸಬಹುದು. ಆದ್ದರಿಂದಲೇ ಲಂಚದ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕೆಂದು ನ್ಯಾಯಾಲಯ ಬಯಸುತ್ತದೆ. ಆಂಧ್ರಪ್ರದೇಶದ ಬಿ. ಜಯರಾಜ್ ಪ್ರಕರಣದಲ್ಲಿ ದೂರು ಕೊಟ್ಟವನೇ ಸಾಕ್ಷಿಕಟ್ಟೆಯಲ್ಲಿ ತನ್ನ ದೂರನ್ನು ಸಮರ್ಥಿಸಲಿಲ್ಲ. ನೋಟು ಸಿಕ್ಕಿದ್ದರೂ ಸುಪ್ರೀಮ್ ಕೋರ್ಟ್ 2014ರಲ್ಲಿ ಅಧಿಕಾರಿಯನ್ನು ಬಿಡುಗಡೆಗೊಳಿಸಿತು.

ಹಾಗಾದರೆ ದೂರುದಾರನು ತಿರುಗಿಬಿದ್ದರೆ ಅಥವಾ ಮೃತಪಟ್ಟರೆ ಮೊಕದ್ದಮೆಯೇ ಮುಗಿಯಿತೇ? ದೆಹಲಿಯ ನೀರಜ್ ದತ್ತಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2022ರ ಡಿಸೆಂಬರ್ 15ರಂದು ಇದಕ್ಕೆ ಉತ್ತರಿಸಿತು. ಪೀಠದ ನೇತೃತ್ವ ವಹಿಸಿದ್ದವರು ದಕ್ಷಿಣ ಕನ್ನಡದವರಾದ ನ್ಯಾ. ಎಸ್. ಅಬ್ದುಲ್ ನಝೀರ್, ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ. ಇತರ ಸಾಕ್ಷಿಗಳಿಂದ ಅಥವಾ ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದೆಂದು ಪೀಠ ಸ್ಪಷ್ಟಪಡಿಸಿತು. ಆದರೆ ಅದೇ ಪ್ರಕರಣದಲ್ಲಿ ಸಾಕ್ಷಿ ನುಡಿಯುವ ಮೊದಲೇ ದೂರುದಾರನು ತೀರಿಕೊಂಡಿದ್ದನು. ಬೇಡಿಕೆಯನ್ನು ದೃಢಪಡಿಸುವ ಬೇರೆ ಸಾಕ್ಷ್ಯ ಸಾಲದೆ, 2023ರ ಮಾರ್ಚ್‌ನಲ್ಲಿ ಆರೋಪಿಯ ಬಿಡುಗಡೆಯಾಯಿತು. ಬಾಗಿಲು ತೆರೆದಿದೆ ನಿಜ, ಆದರೆ ದೂರುದಾರನಿಲ್ಲದೆ ಅದನ್ನು ದಾಟುವುದು ಕಠಿಣ.

ಸರಕಾರದ ಹೊಣೆಯೂ ಇಲ್ಲಿದೆ. 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸೇವೆಯಿಂದ ತೆಗೆದುಹಾಕುವ ಅಧಿಕಾರವುಳ್ಳವರ ಪೂರ್ವಾನುಮತಿ ಇಲ್ಲದೆ ನೌಕರನ ವಿರುದ್ಧ ವಿಚಾರಣೆ ಆರಂಭವಾಗುವಂತಿಲ್ಲ. ಪ್ರಾಮಾಣಿಕರ ರಕ್ಷಣೆಗೆಂದು ಇರುವ ಈ ನಿಯಮವು ಕಡತ ಕೊಳೆಯುವ ಸ್ಥಳವಾಗಬಾರದು. 2018ರ ತಿದ್ದುಪಡಿಯು ಅನುಮತಿಯ ತೀರ್ಮಾನಕ್ಕೆ ಮೂರು ತಿಂಗಳು, ಕಾನೂನು ಸಲಹೆ ಬೇಕಾದಲ್ಲಿ ಇನ್ನೊಂದು ತಿಂಗಳು ಗಡುವು ವಿಧಿಸಿತು. ಈ ಗಡುವು ಕಡ್ಡಾಯವೆಂದು ಸುಪ್ರೀಮ್ ಕೋರ್ಟ್ 2022ರಲ್ಲಿ ಹೇಳಿದೆ. ಎರಡು ವರ್ಷಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಲಂಚ ಸ್ವೀಕಾರಕ್ಕೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಸೆರೆವಾಸವಿದೆ.

ನಮ್ಮ ಕುಟುಂಬಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. 2018ರ ಬಳಿಕ ಲಂಚ ಕೊಡುವುದೂ ನೇರವಾಗಿ ಅಪರಾಧ. ಬಲವಂತಕ್ಕೊಳಗಾಗಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ವರದಿ ಮಾಡಿದರೆ ಮಾತ್ರ ರಕ್ಷಣೆ ದೊರೆಯುತ್ತದೆ. ಮೊದಲೇ ಮಾಹಿತಿ ನೀಡಿ, ಬಲೆ ಬೀಸಲು ನೆರವಾಗುವವನು ಅಪರಾಧಿಯಲ್ಲ. ಆದ್ದರಿಂದ ಹಣ ಕೇಳಿದ ದಿನವೇ ದಿನಾಂಕ, ಸ್ಥಳ, ಆಡಿದ ಮಾತು ಎಲ್ಲವನ್ನೂ ಬರೆದಿಡಿರಿ.

ದೂರು ಕೊಟ್ಟ ದಿನ ದೂರುದಾರನ ಬೆನ್ನು ತಟ್ಟುವವರು ಬಹಳ. ವರ್ಷಗಳು ಉರುಳಿ ಸಮನ್ಸ್ ಬಂದಾಗ ಅವನು ಒಂಟಿ. 'ಪಾಪ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಬಿಟ್ಟುಬಿಡು' ಎಂದು ರಾಜಿಗೆ ಬರುವವರು ನಮ್ಮವರೇ ಆಗಿರುತ್ತಾರೆ. ಖಾತೆಗಾಗಿ, ಪಿಂಚಣಿಗಾಗಿ ಅಲೆದು ಬಳಲಿದ ಬಡವನಿಗೂ ಹೆಂಡತಿ ಮಕ್ಕಳಿದ್ದರೆಂಬುದನ್ನು ಆ ಹಿರಿಯರು ನೆನೆಯಲಿ. ಸಾಕ್ಷಿ ಹೇಳಲು ಹೊರಟವನ ಜೊತೆಗೆ ನಮ್ಮಲ್ಲಿ ನಾಲ್ವರಾದರೂ ನ್ಯಾಯಾಲಯದವರೆಗೆ ನಡೆಯೋಣ. ಅವನು ಸತ್ಯ ಹೇಳಿ ಹೊರಬರುವ ತನಕ ಅಲ್ಲಿಯೇ ಕಾದಿರೋಣ.