ಪಾಪದ ಹೂಗಳು: ಒಂದು ಹೆಸರಿನ ಪ್ರಯಾಣ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಿ. ಲಂಕೇಶರ ಅನುವಾದ 'ಪಾಪದ ಹೂಗಳು' ಕುರಿತು ಕೆಲವು ಮಾತು ಹೇಳಬಯಸುತ್ತೇನೆ. ಹೆಸರು ಕೇಳಿದೊಡನೆ 'ಇಂಥ ಪುಸ್ತಕ ಮಕ್ಕಳ ಕೈಗೇಕೆ?' ಎಂದು ಹಿರಿಯರು ಕೇಳುವುದು ಸಹಜ. ಆ ಪ್ರಶ್ನೆ ಹೊಸದೇನಲ್ಲ.

ಮೂಲ ಕೃತಿ ಫ್ರೆಂಚ್ ಕವಿ ಬೋದಿಲೇರನದು. ಅದು ಪ್ರಕಟವಾದದ್ದು 1857ರ ಜೂನ್‌ನಲ್ಲಿ. ಸಾರ್ವಜನಿಕ ನೀತಿಗೆ ಧಕ್ಕೆ ತಂದನೆಂದು ಆಗಸ್ಟ್ 20ರಂದು ಪ್ಯಾರಿಸ್ಸಿನ ನ್ಯಾಯಾಲಯ ಕವಿಗೆ 300 ಫ್ರಾಂಕ್ ದಂಡ ವಿಧಿಸಿತು. ಆರು ಕವಿತೆಗಳನ್ನು ನಿಷೇಧಿಸಿತು. ಅದೇ ವರ್ಷ ಫ್ಲೋಬೇರನ 'ಮದಾಂ ಬೊವರಿ' ಕಾದಂಬರಿಯ ವಿರುದ್ಧ ವಾದಿಸಿ ಸೋತಿದ್ದ ಸರ್ಕಾರಿ ವಕೀಲ ಪಿನಾರ್ ಇಲ್ಲಿ ಗೆದ್ದ. ಕವಿ 1867ರಲ್ಲಿ ತೀರಿಕೊಂಡ. ಫ್ರಾನ್ಸಿನ ಉನ್ನತ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿದ್ದು 1949ರಲ್ಲಿ. ನ್ಯಾಯಾಲಯಕ್ಕೂ ಮರುಓದಿಗೆ 92 ವರ್ಷ ಬೇಕಾಯಿತು!

ಈಗ ಹೆಸರಿನ ವಿಚಾರಕ್ಕೆ ಬರೋಣ. ಫ್ರೆಂಚ್ ಶೀರ್ಷಿಕೆಯಲ್ಲಿರುವ 'ಮಾಲ್' ಎಂಬ ಪದಕ್ಕೆ ಕೆಡುಕು, ನೋವು, ಕಾಯಿಲೆ ಎಂಬ ಅರ್ಥಗಳಿವೆ. 1936ರಲ್ಲಿ ಮಿಲೇ ಮತ್ತು ಡಿಲನ್ ಮಾಡಿದ ಇಂಗ್ಲಿಷ್ ಅನುವಾದದ ಹೆಸರು 'ಫ್ಲವರ್ಸ್ ಆಫ್ ಈವಿಲ್'. ಇಲ್ಲಿ ಕೆಡುಕು ಉಳಿಯಿತು, ಕಾಯಿಲೆಯ ನರಳಾಟ ಮರೆಯಾಯಿತು. ಇಂಗ್ಲಿಷ್ ಹೆಸರನ್ನಷ್ಟೇ ಕೇಳಿದವರಿಗೆ ಕವಿ ಅಪರಾಧಿಯಂತೆ ಕಾಣುತ್ತಾನೆ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಲಂಕೇಶರು 'ಪಾಪ' ಎಂದರು. ನಮ್ಮ ತಿಪಟೂರು ಸೀಮೆಯಲ್ಲಿ ಆ ಪದವನ್ನು ಹೇಗೆ ಬಳಸುತ್ತೇವೆ? ತಪ್ಪು ಮಾಡಿದವನಿಗೆ 'ಪಾಪ ಸುತ್ತಿಕೊಳ್ಳುತ್ತದೆ' ಎನ್ನುತ್ತೇವೆ. ಸೈಕಲ್ಲಿನಿಂದ ಬಿದ್ದ ಹುಡುಗನನ್ನು ಕಂಡರೆ 'ಅಯ್ಯೋ ಪಾಪ' ಎನ್ನುತ್ತೇವೆ. ಮನೆಯಲ್ಲಿ ಉರ್ದು ಆಡುವ ನಮಗೆ ಇದಕ್ಕೆ 'ಗುನಾಹ್', 'ಬೇಚಾರಾ' ಎಂಬ ಎರಡು ಪದ ಬೇಕು. ಕನ್ನಡದಲ್ಲಿ ದೋಷವೂ ಕರುಣೆಯೂ ಒಂದೇ ಪದದಲ್ಲಿವೆ. ಇಂಗ್ಲಿಷಿನಲ್ಲಿ ಮರೆಯಾದ ನೋವು ಕನ್ನಡದಲ್ಲಿ ಕರುಣೆಯಾಗಿ ಮರಳಿತು.

ಅನುವಾದದಲ್ಲಿ ಕಾವ್ಯ ಕಳೆದುಹೋಗುತ್ತದೆ ಎಂಬ ಮಾತಿದೆ. ಅಟ್ಟದ ಮೇಲಿನ ಕಾಯನ್ನು ನೆನೆಯಿರಿ. ತಿಂಗಳುಗಟ್ಟಲೆ ಒಣಗಿದಾಗ ಒಳಗಿನ ನೀರು ಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಎಳನೀರಿನ ರುಚಿ ಕೊಬ್ಬರಿಗಿಲ್ಲ, ನಿಜ. ಆದರೆ ದೂರದ ಊರಿಗೆ ಹೋಗಿ ಕೆಡದೆ ಉಳಿಯುವುದು ಕೊಬ್ಬರಿಯೇ. 'ಇಂಗ್ಲಿಷ್ ಗೀತಗಳು' ಕೊಟ್ಟ ಬಿ.ಎಂ.ಶ್ರೀ ಅವರು 1884ರಲ್ಲಿ ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅನುವಾದ ನಮ್ಮ ನೆಲಕ್ಕೆ ಪರಕೀಯವಲ್ಲ.

ಮಿತ್ರರೆ, ಬೋದಿಲೇರನ ಮಾತನ್ನೆಲ್ಲ ನೀವು ಒಪ್ಪಬೇಕಾಗಿಲ್ಲ. ಆದರೆ ಹೆಸರು ನೋಡಿ ತೀರ್ಪು ಕೊಡಬೇಡಿ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಕಾಲೇಜಿನಲ್ಲಿ ಮತ್ತೊಂದು ಭಾಷೆ ಬಳಸುವ ನೀವು ದಿನವೂ ಅನುವಾದಕರೇ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನೀವು ಆರಿಸುವ ಪದ ಒಬ್ಬ ಮನುಷ್ಯನನ್ನು ಅಪರಾಧಿಯನ್ನಾಗಿಯೂ ಮಾಡಬಹುದು, ಅವನ ನೋವನ್ನು ತಿಳಿಸಲೂಬಹುದು. ಆ ಜವಾಬ್ದಾರಿ ನಿಮಗಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.