ಹರಾಜಿನ ಕೊನೆಗೆ ಉಳಿಯೋ ಬೌಲರ್‌ಗಳು

ಶನಿವಾರ ಸಂಜೆ ಓಎಂಆರ್ ಟ್ರಾಫಿಕ್ ದಾಟಿ ಬಂದಿದ್ದೀರ, ಅದಕ್ಕೇ ಮೊದಲು ಥ್ಯಾಂಕ್ಸ್.

ಪ್ರತಿ ವರ್ಷ ಐಪಿಎಲ್‌ಗೆ ಮುಂಚೆ ನಾವು ಎಂಟು ಜನ ಕನ್ನಡದವರು ಪೆರುಂಗುಡಿಯ ಒಂದು ಮನೆ ಮಹಡಿ ಮೇಲೆ ಕೂತು ಆಟಗಾರರನ್ನು ಹರಾಜು ಹಾಕ್ತೀವಿ. ತಲಾ ನೂರು ಪಾಯಿಂಟ್. ದುಡ್ಡಿನ ಮಾತಿಲ್ಲ, ಸೋತವರು ದೋಸೆ ಕೊಡಿಸಬೇಕು ಅಷ್ಟೆ. ಮೊದಲು ನಾನು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಆಡ್ತಿದ್ದೆ. ಒಂದು ತಿಂಗಳು ಊರಿಗೆ ಕಳಿಸಬೇಕಾದ ದುಡ್ಡಿಗೇ ಕೈ ಹಾಕಿ, ಅಪ್ಪನಿಗೆ ‘ಸಂಬಳ ಲೇಟು’ ಅಂತ ಸುಳ್ಳು ಹೇಳಿದೆ. ಆಮೇಲೆ ಬಿಟ್ಟೆ. 2025ರ ಆಗಸ್ಟ್‌ನಲ್ಲಿ ಅಂಥ ಆಟಗಳನ್ನು ನಿಷೇಧಿಸುವ ಕಾನೂನೇ ಬಂತು. ಲೆಕ್ಕಾಚಾರದ ರುಚಿ ಮಾತ್ರ ಉಳಿದಿದೆ.

ಎಲ್ಲರೂ ಮಾಡೋ ತಪ್ಪು ಒಂದೇ. ದೊಡ್ಡ ಬ್ಯಾಟರ್‌ಗಳಿಗೆ ಪಾಯಿಂಟ್ ಸುರಿದು, ಬೌಲರ್‌ಗಳ ಸರದಿ ಬಂದಾಗ ಕೈ ಖಾಲಿ. ಆಗ ಅಗ್ಗದಲ್ಲಿ ಯಾರನ್ನು ಹಿಡಿಯೋದು? ನಾನು ಮೂರು ಪ್ರಶ್ನೆ ಕೇಳ್ಕೋತೀನಿ.

ಒಂದು, ಅವನು ಯಾವ ಓವರ್ ಹಾಕ್ತಾನೆ? ಯಾರಿಗೇ ಆದರೂ ಸಿಗೋದು ನಾಲ್ಕೇ ಓವರ್. ಕೊನೆಯ ಓವರ್‌ಗಳಲ್ಲಿ ಬ್ಯಾಟರ್ ಹೊಡೆಯಲೇಬೇಕು. ರನ್ ಹೋಗುತ್ತೆ, ವಿಕೆಟೂ ಬೀಳುತ್ತೆ. 2021ರ ಮೊದಲ ಪಂದ್ಯ, ನಮ್ಮ ಚೆಪಾಕ್‌ನಲ್ಲೇ. ಹರ್ಷಲ್ ಪಟೇಲ್ ಮುಂಬೈ ವಿರುದ್ಧ 27 ರನ್ನಿಗೆ 5 ವಿಕೆಟ್ ತಗೊಂಡ್ರು. ಸೀಸನ್ ಮುಗಿಯೋಷ್ಟರಲ್ಲಿ 32 ವಿಕೆಟ್, ಪರ್ಪಲ್ ಕ್ಯಾಪ್. ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಕಥೆ: ಕೊನೆಗೆ ಬಂದು ಗೆಲುವು ಕಾಪಾಡೋ ಪಿಚರ್‌ಗೆ ‘ಸೇವ್’ ಅಂತ ಲೆಕ್ಕ ಸಿಗುತ್ತೆ. ಪ್ರತಿಭೆಯಷ್ಟೇ ಅಲ್ಲ, ಆ ಜಾಗ ಯಾರಿಗೆ ಸಿಕ್ಕಿದೆ ಅನ್ನೋದೂ ಮುಖ್ಯ.

ಎರಡು, ಯಾವ ಮೈದಾನ? 2024ರ ಮೇ 24ರಂದು ಚೆಪಾಕ್‌ನಲ್ಲಿ ರಾಜಸ್ಥಾನದ ವಿರುದ್ಧ ಹೈದರಾಬಾದ್‌ನ ಶಹಬಾಜ್ ಅಹ್ಮದ್ 23 ರನ್ನಿಗೆ 3 ವಿಕೆಟ್ ತಗೊಂಡ್ರು. ಪಿಚ್ ತಿರುಗಿದ ದಿನ ಹೆಸರಿಗಿಂತ ಸ್ಪಿನ್ ದೊಡ್ಡದು.

ಮೂರು, ದಿನಾ ಆಡ್ತಾನಾ? 2025ರಲ್ಲಿ ಮುಂಬೈನ ವಿಘ್ನೇಶ್ ಪುತ್ತೂರ್, ಹರಾಜಿನ ಬೆಲೆ 30 ಲಕ್ಷ, ಚೆಪಾಕ್‌ನಲ್ಲಿ ಮೊದಲ ಪಂದ್ಯದಲ್ಲೇ 3 ವಿಕೆಟ್. ನಮ್ಮವರೆಲ್ಲ ಅವನ ಹಿಂದೆ ಬಿದ್ರು. ಸೀಸನ್ ಮಧ್ಯದಲ್ಲಿ ಗಾಯವಾಗಿ ಹೊರಗೆ. ಒಂದು ಪಂದ್ಯ ನೋಡಿ ಇಡೀ ಸೀಸನ್ ಕೊಳ್ಳಬೇಡಿ.

ಕೊನೆಗೆ ಒಂದು ಮಾತು. ಅದೇ ವಾರ ಅಹಮದಾಬಾದ್‌ನಲ್ಲಿ ನಮ್ಮ ಕರ್ನಾಟಕದ ವೈಶಾಖ್ ವಿಜಯ್‌ಕುಮಾರ್ ಪಂಜಾಬ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಆಗಿ ಬಂದ್ರು. 3 ಓವರ್, 28 ರನ್, ವಿಕೆಟ್ ಸೊನ್ನೆ. ನಮ್ಮ ಲೀಗ್‌ನಲ್ಲಿ ಅವರಿಗೆ ಏನೂ ಸಿಗಲಿಲ್ಲ. ಆದರೆ ಆ ವೈಡ್ ಯಾರ್ಕರ್‌ಗಳೇ ಗುಜರಾತ್‌ನ ಚೇಸ್ ಕಟ್ಟಿಹಾಕಿದ್ದು. ಪಂಜಾಬ್ ಗೆದ್ದಿದ್ದು ಬರೀ 11 ರನ್ನಿನಿಂದ.

ರಾತ್ರಿ ಪಾಳಿಯಲ್ಲಿ ಕೂತು ಸರ್ವರ್ ಬೀಳದ ಹಾಗೆ ನೋಡ್ಕೊಂಡವರಿಗೆ ಇದು ಗೊತ್ತು. ಏನೂ ಆಗಲಿಲ್ಲ ಅನ್ನೋದಕ್ಕೆ ಅಪ್ರೈಸಲ್‌ನಲ್ಲಿ ಕಾಲಮ್ ಇಲ್ಲ. ಈ ವರ್ಷ ನಮ್ಮ ಲೀಗ್‌ನಲ್ಲಿ ಕೊನೆಯ ಓವರ್‌ಗಳ ಡಾಟ್ ಬಾಲ್‌ಗೂ ಪಾಯಿಂಟ್ ಇಟ್ಟಿದ್ದೀವಿ. ನೀವೂ ಇಟ್ಟು ನೋಡಿ.