ನಗರದ ಕೂಟ, ಮೈಸೂರಿನ ದೊರೆ
(ಶಿರಗುಪ್ಪಿಯಲ್ಲಿ ನೀಡಿದ ಉಪನ್ಯಾಸದಿಂದ)



1831ರ ಜನವರಿ ಎಂದರೆ ನಮ್ಮ ಬೆಳಗಾವಿ ಸೀಮೆಯವರಿಗೆ ನೆನಪಾಗುವುದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು. ಅದೇ ಹೊತ್ತಿಗೆ ಮೈಸೂರು ಸಂಸ್ಥಾನದ ನಗರ ಪ್ರಾಂತದಲ್ಲಿ, ಎಂದರೆ ಈಗಿನ ಶಿವಮೊಗ್ಗದ ಕಡೆ, ರೈತರೇ ದಂಗೆಯೆದ್ದಿದ್ದರು.

ಸಿಟ್ಟಿನ ಮೂಲ ‘ಶರತ್ತು’ ಪದ್ಧತಿ. ತಾಲೂಕಿನಿಂದ ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ಯಾರು ತುಂಬುತ್ತಾರೆ ಹೇಳಿ! ರೈತನ ಕಣಜಕ್ಕೇ ಕೈಹಾಕಿದರು. ಇತ್ತ ದೊರೆಗೂ ಸಾಲ. 1799ರ ಒಪ್ಪಂದದಂತೆ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಬೇಕಿತ್ತು. 1830ರಲ್ಲಿ ರೈತರು ‘ಕೂಟ’ ಸೇರಿದರು, ಕಂದಾಯ ನಿಲ್ಲಿಸಿದರು.

ಅರಸೊತ್ತಿಗೆಯೇ ಬೇಡವೆಂದರೇ? ಇಲ್ಲ. ಕೆಳದಿ ಅರಸರ ವಾರಸುದಾರ ತಾನೆಂದ ಬೂದಿ ಬಸವಪ್ಪನ ಹಿಂದೆ ನಡೆದರು. ಒಬ್ಬ ದೊರೆ ಕೈಬಿಟ್ಟರೆ ಇನ್ನೊಬ್ಬ ದೊರೆ! ಫ್ರಾನ್ಸಿನಲ್ಲೂ ಹೀಗೆಯೇ. 1639ರಲ್ಲಿ ನಾರ್ಮಂಡಿಯ ‘ಬರಿಗಾಲಿನವರು’ ಉಪ್ಪಿನ ತೆರಿಗೆಯ ವಿರುದ್ಧ ಎದ್ದಾಗ ಅರಸನಿಗೆ ಜಯಕಾರ ಹಾಕಿಯೇ ಎದ್ದರು. ಅವರ ಹಗೆ ತೆರಿಗೆಯವರ ಮೇಲೆ. ಅಲ್ಲಿ ಅರಸನ ಸೈನ್ಯವೇ ದಂಗೆ ಅಡಗಿಸಿತು, ಅರಸನ ಹಿಡಿತ ಇನ್ನೂ ಬಿಗಿಯಾಯಿತು.

ಮೈಸೂರಿನಲ್ಲಿ ದಂಗೆ ಅಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು. ಬಂದವರು ಸುಮ್ಮನೆ ಹೋಗಲಿಲ್ಲ. 1831ರ ಅಕ್ಟೋಬರಿನಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಮರಳಿ ಕೊಡಿರೆಂದು ಕೇಳುತ್ತಲೇ ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡರು. ಅದು ಸಿಕ್ಕಿದ್ದು 1881ರಲ್ಲಿ, ಅವರ ದತ್ತುಪುತ್ರ ಚಾಮರಾಜ ಒಡೆಯರಿಗೆ.